ಹೆಬ್ಬೆರಳ ಪಕ್ಕದ ಬೆರಳು

ಗಂಗಾ ವೈನಿ ಕೂಸನ್ನು ಕಟ್ಟಿಕೊಂಡು ತವರಿಗೆ ಹೋಗಿ ಕೂಡುವಂತೆ ಮಾಡಿದವನು ನಾನು. ಬಸಣ್ಣ ಅನುಮಾನಪಟ್ಟ, ದೊಡ್ಡವ್ವ ಅನುಮಾನಪಟ್ಟಳು, ಓಣಿಯೂ ಪಟ್ಟಿತು — ಆದರೆ ಆ ಅನುಮಾನವನ್ನು ಎಲ್ಲರ ಮುಂದೆ ಕುಣಿಸಿ ತೋರಿಸಿದ ಮಂಗ್ಯಾ ನಾನೇ. ಅದು ಸುಳ್ಳೆಂದು ಆ ಹೊತ್ತಿಗೇ ನನಗೆ ಗೊತ್ತಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಆಗ ನಾನು ಗುಡಗೇರಿಯಿಂದ ದಿನಾ ರೈಲು ಹತ್ತಿ ಹುಬ್ಬಳ್ಳಿಯ ಕಾಲೇಜಿಗೆ ಹೋಗುತ್ತಿದ್ದೆ. ಓದುತ್ತಿದ್ದುದು ಪ್ರಾಣಿಶಾಸ್ತ್ರ, ಮಾಡುತ್ತಿದ್ದುದು ಮನುಷ್ಯರ ಅಣಕ. ಟಿಕೆಟ್ ಕಲೆಕ್ಟರನ ಕೆಮ್ಮು, ಸ್ವಾಮಿಗಳ ಆಶೀರ್ವಚನ, ಹೆಣ್ಣು ನೋಡಲು ಹೋಗಿ ಚಹಾ ಚೆಲ್ಲಿಕೊಂಡು ಬಂದ ನನ್ನದೇ ಮುಖ — ಯಾವುದನ್ನೂ ಬಿಟ್ಟವನಲ್ಲ. ನನ್ನ ಸರಕಿನಲ್ಲಿ ಎಲ್ಲರಿಗೂ ಇಷ್ಟವಾದದ್ದು ಹಿಟ್ಟಿನ ಗಿರಣಿಯ ಈರಪ್ಪ. ಅವನ ಎಡಗೈಗೆ ಆರು ಬೆರಳು. ಗಿರಣಿಯ ಬಾಯಿಗೆ ಅಂಗೈ ಒಡ್ಡಿ, ಹಿಟ್ಟು ನುಣ್ಣಗಾಯಿತೋ ಇಲ್ಲವೋ ಎಂದು ತಿಕ್ಕಿ ನೋಡುವಾಗ ಕಿರುಬೆರಳಿನ ಆಚೆಗಿನ ಆ ಪುಟ್ಟ ಬೆರಳು ಮಾತ್ರ ಕೆಲಸವಿಲ್ಲದೆ ಹೊರಗೆ ಚಾಚಿಕೊಂಡಿರುತ್ತಿತ್ತು. ಅದನ್ನು ಕಲಿಯಲು ನಾನು ಎಷ್ಟು ಸಲ ಸುಮ್ಮಸುಮ್ಮನೆ ಗಿರಣಿಗೆ ಹೋಗಿದ್ದೆನೋ.

ಬಸಣ್ಣ ನನ್ನ ದೊಡ್ಡಪ್ಪನ ಮಗ. ಅವನ ಹೆಂಡತಿ ಗಂಗಾ ವೈನಿ ಬಾಣಂತನ ಮುಗಿಸಿ ತವರೂರು ತಂಬೂರಿನಿಂದ ಬಂದ ದಿನ ಸಂಜೆ ಮನೆಯ ಕಟ್ಟೆ ತುಂಬ ಜನ. ಕೂಸಿನ ಬಲಗೈಯಲ್ಲಿ ಎರಡು ಹೆಬ್ಬೆರಳಿದ್ದವು — ಒಂದಕ್ಕೊಂದು ಆತುಕೊಂಡು. ದೇವರು ಕೊಟ್ಟದ್ದು ಎಂದರು ಕೆಲವರು. ಯಾರೋ ಕೇಳಿದರು, "ಏನಲೇ ಚನ್ನು, ಕಾಲೇಜ ಕಲಿಯಾಂವ, ಇದು ಎಲ್ಲಿಂದ ಬಂತು ಹೇಳು ನೋಡೂಣು?"

ಹಿಂದಿನ ವಾರವಷ್ಟೇ ಕಾಲೇಜಿನಲ್ಲಿ ಆನುವಂಶಿಕತೆಯ ಪಾಠ ಆಗಿತ್ತು. ಅರ್ಧ ಪಾಠ ಎನ್ನಬೇಕು — ಸರ್ ಅವರನ್ನು ಅಣಕಿಸಿ ಸಿಕ್ಕಿಬಿದ್ದು, ಮರುದಿನದ ತರಗತಿಯ ಹೊತ್ತಿಗೆ ನಾನು ಹೊರಗೆ ಬೇವಿನ ಗಿಡದ ಕೆಳಗಿದ್ದೆ. "ಹೆಚ್ಚಿನ ಬೆರಳಂದ್ರ ಅಪ್ಪಗರ ಇರಬೇಕು, ಅವ್ವಗರ ಇರಬೇಕು," ಎಂದು ಸರ್ ದನಿಯಲ್ಲಿ ಹೇಳಿದೆ. ಎಲ್ಲರೂ ಬಸಣ್ಣನ ಕೈ ನೋಡಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ಎಡಗೈ ಚಾಚಿ, ಗಾಳಿಯಲ್ಲಿ ಹಿಟ್ಟು ತಿಕ್ಕಿದೆ.

ಕಟ್ಟೆ ನಕ್ಕಿತು. ಬಸಣ್ಣನೂ ನಕ್ಕ — ಆಮೇಲೆ ನಗು ನಿಲ್ಲಿಸಿದ.

ಮರುದಿನದಿಂದ ಎಲ್ಲದಕ್ಕೂ ಎರಡನೆಯ ಅರ್ಥ ಬಂತು. ಜೋಳದ ಬುಟ್ಟಿ ಹೊತ್ತು ಗಿರಣಿಗೆ ಹೋಗುತ್ತಿದ್ದವಳು ವೈನಿಯೇ ಅಲ್ಲವೆ? ಹಿಂದೊಮ್ಮೆ ಹೊತ್ತಾಗಿ ಬಂದಿದ್ದಳಲ್ಲ, ಕರೆಂಟ್ ಹೋಗಿತ್ತು ಅಂದಿದ್ದಳಲ್ಲ — ಹೋಗಿತ್ತೋ ಇಲ್ಲವೋ? ದೊಡ್ಡವ್ವ ತಾನೇ ಗಿರಣಿಗೆ ಹೋದಳು. ಮಾತು ಈರಪ್ಪನ ಕಿವಿಗೂ ಬಿದ್ದಿತ್ತು. ನಾಚಿಕೆಗೋ ಅಂಜಿಕೆಗೋ ಅವನು ಎಡಗೈಗೆ ಅರಿವೆ ಸುತ್ತಿಕೊಂಡಿದ್ದ. ಮುಚ್ಚಿಕೊಂಡಾನ ಅಂದರೆ ಏನೋ ಐತಿ ಅಂತಲೇ, ಎಂದು ದೊಡ್ಡವ್ವ ಬಂದು ಹೇಳಿದಳು.

ಅವತ್ತು ವೈನಿ ಬಾಗಿಲಲ್ಲಿ ನಿಂತು ಅಂದಳು, "ಅಂವಂದು ಕಿರಿಬೆರಳ ಬಾಜುಕ ಐತ್ರಿ. ಕೂಸಿಂದು ಹೆಬ್ಬೆಟ್ಟಿನ ಬಾಜುಕ. ಅರಿವಿ ಬಿಚ್ಚಿಸಿ ನೋಡ್ರಿ."

"ಅಂವನ ಬೆರಳು ಇಷ್ಟು ಬರೋಬ್ಬರಿ ನಿನಗ ಹೆಂಗ ಗೊತ್ತು?" ಎಂದ ಬಸಣ್ಣ.

ವೈನಿ ನನ್ನ ಕಡೆ ತಿರುಗಿದಳು. "ಚನ್ನು, ನೀನರ ಹೇಳೋ."

ಆ ಕೈಯನ್ನು ನನ್ನಷ್ಟು ನೋಡಿದವರು ಊರಲ್ಲಿ ಯಾರೂ ಇರಲಿಲ್ಲ. ಹೇಳಿದರೆ ನನ್ನ ಅಣಕವೇ ಸುಳ್ಳಾಗುತ್ತಿತ್ತು. ನಕ್ಕವರು ನನ್ನನ್ನೇ ನೋಡಿ ನಗುತ್ತಿದ್ದರು — ಅಷ್ಟೇ, ಅಷ್ಟೇ ಕಾರಣ. "ನಾ ಅಷ್ಟ ನೋಡಿಲ್ರಿ ವೈನಿ," ಎಂದೆ.

ಮರುದಿನ ಬೆಳಗಿನ ಬಸ್ಸಿಗೆ ಅವಳನ್ನು ತಂಬೂರಿಗೆ ಕಳಿಸಿದರು.

ಪರೀಕ್ಷೆಯ ಹೊತ್ತಿಗೆ ನಾನು ತಪ್ಪಿಸಿಕೊಂಡ ಪಾಠವನ್ನು ಸರ್ ಹತ್ತಿರ ಕೇಳಿದೆ. "ಜೀನ್ ಬದಲಾದ್ರ ಏನರ ಕಡಿಮಿನ ಆಗಬೇಕು ಅಂತಿಲ್ಲೋ," ಎಂದರು. "ಕೆಲವೊಮ್ಮೆ ಸುಮ್ಮನಿರಬೇಕಾದ್ದು ಸುಮ್ಮನಿರೂದಿಲ್ಲ. ತನ್ನದಲ್ಲದ ಜಾಗಾದಾಗೂ ಕೆಲಸಕ್ಕ ನಿಲ್ಲತೈತಿ. ನೊಣದ ತಲಿ ಮ್ಯಾಲೆ ಮೀಸಿ ಇರೂ ಕಡೆ ಕಾಲ ಬಂದದ್ದು ಐತಿ. ಹೆಚ್ಚಿನ ಬೆರಳೂ ಹಂಗ ಬರಬಹುದು — ಅಪ್ಪ ಅವ್ವ ಇಬ್ಬರಿಗೂ ಇಲ್ಲದ್ದು, ಕೂಸಿನಾಗ ಹೊಸದಾಗಿ." ಆಮೇಲೆ ಕನ್ನಡಕದ ಮೇಲಿನಿಂದ ನೋಡಿದರು. "ಯಾಕಪಾ, ಯಾರ ಮನಿಗೆ ಬೆಂಕಿ ಹಚ್ಚಿ ಬಂದಿ?"

"ಸುಮ್ಮನ ಕೇಳಿದ್ನಿರಿ ಸರ್," ಎಂದೆ. ಅಲ್ಲೂ ಸುಳ್ಳು.

ಬಸಣ್ಣನಿಗೆ ಸರ್ ಹೇಳಿದ್ದನ್ನೆಲ್ಲ ಹೇಳಿದೆ — ನನಗೆ ಮೊದಲೇ ಗೊತ್ತಿದ್ದದ್ದೊಂದನ್ನು ಬಿಟ್ಟು. ಅವನಿಗೆ ಅಳು ಬಂತು. ಇಬ್ಬರೂ ತಂಬೂರಿಗೆ ಹೋದೆವು. ದಾರಿಯುದ್ದಕ್ಕೂ ನನಗೊಂದು ಗುಮಾನಿ: ನಾನು ಹೊರಟದ್ದು ಅವಳನ್ನು ಕರೆತರಲೋ, ಕರೆತಂದವನೆಂದು ಕಟ್ಟೆಯ ಮೇಲೆ ಮೆರೆಯಲೋ? ಇವತ್ತಿಗೂ ಬಗೆಹರಿದಿಲ್ಲ. ಆ ಕೂಸು ಈಗ ತಂಬೂರಿನಲ್ಲೇ ಶಾಲೆಗೆ ಹೋಗುತ್ತದೆ. ನನ್ನ ಪರವಾಗಿ ಬರೆಯಲು ನನ್ನ ಬಳಿ ಏನೂ ಇಲ್ಲ. ಅವತ್ತು ನಡೆದದ್ದನ್ನಷ್ಟೇ ಬರೆಯುತ್ತೇನೆ.

ವೈನಿ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ನಾನು ನೊಣದ ಕಾಲಿನಿಂದ ಹಿಡಿದು ಎಲ್ಲವನ್ನೂ ವಿವರಿಸಿದೆ. ಬಸಣ್ಣ ತಲೆ ತಗ್ಗಿಸಿ, "ತಪ್ಪಾತು, ನಡಿ ಮನಿಗೆ ಹೋಗೂಣು," ಎಂದ. ಅವಳು ಮೊರ ಕೆಳಗಿಟ್ಟು ನನ್ನನ್ನು ನೋಡಿದಳು.

"ನಿಮ್ಮ ಸರ್ ಮಾತು ಇರಲಿ. ಅವತ್ತ ನೋಡಿಲ್ಲ ಅಂದ್ಯಲ್ಲ — ಖರೇನ ನೋಡಿದ್ದಿಲ್ಲ?"

ಬಸಣ್ಣ ನನ್ನ ಕಡೆ ತಿರುಗಿದ.

"ನೋಡಿದ್ನಿರಿ ವೈನಿ," ಎಂದೆ.

ಅವಳು ಗಂಡನಿಗೆ ಹೇಳಿದಳು:

"ಇಂವ ಗೊತ್ತಿದ್ದು ಬಾಯಿ ಮುಚ್ಚಿಕೊಂಡ. ನೀವು ಗೊತ್ತಿಲ್ಲದ ನನ್ನ ಹೊರಗ ಹಾಕಿದ್ರಿ. ಕೂಡಿ ಬಂದೀರಿ, ಕೂಡೇ ಹೋಗ್ರಿ."