ಯಂಜ್ಮಾಳಿಗೆ ಮಣಿಯದ ಮೊಮ್ಮಗ

ಕುರಿಯನ್ನು ಒಲಿಸುವ ವಿದ್ಯೆಯಲ್ಲಿ ಯಂಜ್ಮಾಳನ್ನು ಮೀರಿಸುವವರು ಆ ಹುಲ್ಲುಗಾವಲಿನಲ್ಲಿ ಯಾರೂ ಇರಲಿಲ್ಲ. ಈದ ಕುರಿ ತನ್ನ ಮರಿಯನ್ನೇ ಒದ್ದು ದೂರ ತಳ್ಳಿದರೆ ಸುತ್ತಲಿನ ಗುಡಾರದವರು ಕುದುರೆ ಹತ್ತಿ ಇವಳಲ್ಲಿಗೇ ಓಡಿ ಬರುವರು. ಇವಳು ಹೋಗಿ, ಮರಿಯನ್ನು ಕೆಚ್ಚಲಿಗೆ ಹಿಡಿದು, "ತೊಯ್ಗ್, ತೊಯ್ಗ್" ಎಂದು ರಾಗ ಎಳೆಯತೊಡಗಿದರೆ ಎಂಥ ಕಲ್ಲೆದೆಯ ಕುರಿಯೂ ಕಣ್ಣೀರು ಹಾಕಿ ಹಾಲಿಳಿಸಬೇಕು. ಇಂಥವಳಿಗೆ ಏಳು ತಿಂಗಳ ಮೊಮ್ಮಗ ರದ್ನಾ ಮಣ್ಣು ಮುಕ್ಕಿಸಿಬಿಟ್ಟ.

ವಿಷಯ ಇಷ್ಟೇ. ಸೊಸೆ ಸರ್ನಾಯ್ ದಾದಿಯ ಕೆಲಸ ಕಲಿಯಲು ಚಳಿಗಾಲ ಪೂರ್ತಿ ಪಟ್ಟಣದಲ್ಲಿರಬೇಕು. ಮಗುವನ್ನು ಇಲ್ಲೇ ಬಿಟ್ಟುಹೋಗಲಿ ಎಂದು ಯಂಜ್ಮಾಳ ಆಸೆ. ಆಸೆಯೇನು ಬಂತು, ಹಟ.

"ನಾನು ಹೊರಡೋದ್ರೊಳಗೆ ನಿಮ್ಮ ಕೈಯಿಂದ ತಿನ್ನೋದು ಕಲಿತ್ರೆ ಬಿಟ್ಟುಹೋಗ್ತೀನಮ್ಮ. ಇಲ್ದಿದ್ರೆ ಕರ್ಕೊಂಡು ಹೋಗ್ತೀನಿ, ಅಲ್ಲಿ ನಮ್ಮಕ್ಕ ನೋಡ್ಕೋತಾಳೆ," ಎಂದಿದ್ದಳು ಸರ್ನಾಯ್.

ಆದರೆ ಈ ಪುಣ್ಯಾತ್ಮ ತಾಯಿಯ ಎದೆ ಬಿಟ್ಟು ಬೇರೇನನ್ನೂ ಬಾಯಿಗೆ ಸೇರಿಸಲೊಲ್ಲ. ಬಾಟಲಿಯಲ್ಲಿ ಹಸುವಿನ ಹಾಲು ಕೊಟ್ಟರೆ ಉಗುಳಿದ. ಅವನಪ್ಪ ಚಿಕ್ಕವನಿದ್ದಾಗ ಹಾಲು ಕುಡಿದ ದನದ ಕೊಂಬನ್ನು ತೊಳೆದು ಕೈಗಿಟ್ಟರೆ ಅಜ್ಜನ ಮೂಗಿಗೆ ಸರಿಯಾಗಿ ಬೀಸಿದ. ಕುರಿಬಾಲದ ಕೊಬ್ಬನ್ನು ಬೇಯಿಸಿ, ನುಂಗಿಬಿಟ್ಟಾನೆಂದು ಕಡ್ಡಿಗೆ ಚುಚ್ಚಿ, ಚೀಪಲು ಕೊಟ್ಟಳು ಯಂಜ್ಮಾ. ಅವನು ಅದನ್ನು ತಲೆಗೆಲ್ಲ ಉಜ್ಜಿಕೊಂಡು ಮಿರಿಮಿರಿ ಮಿಂಚುತ್ತ ಕೂತ.

"ಏನೇ ಮುದುಕಿ, ನಿನ್ನ ವಿದ್ಯೆ ಎರಡು ಕಾಲಿನವರ ಹತ್ರ ನಡೆಯಲ್ವೇನು?" ಗಂಡ ಗೊಂಬೊ ಮೂಗು ಸವರಿಕೊಳ್ಳುತ್ತ ಕಿಚಾಯಿಸಿದ.

"ಸುಮ್ನೆ ಚಾ ಕುಡೀರಿ," ಎಂದಳು ಯಂಜ್ಮಾ.

ಸರ್ನಾಯ್ ಹೊರಡುವ ಹಿಂದಿನ ದಿನ ಯಂಜ್ಮಾ ಕೊನೆಯ ಸಲ ಪಟ್ಟು ಹಿಡಿದಳು. ತಬ್ಬಲಿ ಮರಿಯನ್ನು ಬೇರೆ ಕುರಿಗೆ ಹೊಂದಿಸಬೇಕಾದರೆ ವಾಸನೆಯಿಂದ ಮೋಸ ಮಾಡಬೇಕು, ಅದು ಅವಳಿಗೆ ಗೊತ್ತು. ಸೊಸೆಯನ್ನು "ಕಣ್ಣಿಗೆ ಬೀಳಬೇಡ, ಹೋಗು" ಎಂದು ಗುಡಾರದ ಹಿಂದಕ್ಕೆ ಅಟ್ಟಿ, ಅವಳು ಬಿಚ್ಚಿಟ್ಟ ನಿಲುವಂಗಿಯನ್ನು ತಾನು ತೊಟ್ಟು, ಮಗುವನ್ನು ಮಡಿಲಿಗೆ ಹಾಕಿಕೊಂಡಳು. ರದ್ನಾ ಮೂಸಿದ. ಮುಖ ಅರಳಿತು. ಗಬಕ್ಕನೆ ಎದೆಗೆ ಕೈಹಾಕಿ ತಡಕಾಡಿದ, ಸಿಕ್ಕಿದ್ದೇನೆಂದು ನೋಡಿದ, ಮತ್ತೆ ಅಜ್ಜಿಯ ಮುಖ ನೋಡಿದ. ಆಮೇಲೆ ಕಿರುಚಿದ ಕಿರುಚಾಟಕ್ಕೆ ಹೊರಗೆ ಕಟ್ಟಿದ್ದ ಕುದುರೆ ಬೆದರಿತು. ಗೊಂಬೊ ನಕ್ಕೂ ನಕ್ಕೂ ಕೆಮ್ಮಿದ.

ದಿಕ್ಕು ತೋಚದೆ ಯಂಜ್ಮಾ ತನಗೆ ಬರುತ್ತಿದ್ದ ಒಂದೇ ಒಂದು ಹಾಡಿಗೆ ಕೈಹಾಕಿದಳು. "ತೊಯ್ಗ್, ತೊಯ್ಗ್..."

ಅಳು ಗಕ್ಕನೆ ನಿಂತಿತು. ಮಗು ಬಾಯಿ ಬಿಟ್ಟುಕೊಂಡು ಕೇಳತೊಡಗಿತು. ಬಿಟ್ಟ ಬಾಯಿಗೆ ಅವಳು ಪಕ್ಕದಲ್ಲಿಟ್ಟಿದ್ದ ಬಟ್ಟಲಿನಿಂದ ಒಂದು ಚಮಚ ಗಂಜಿ ಇಳಿಸಿದಳು. ನುಂಗಿದ. ಇನ್ನೊಂದು ಚಮಚ, ಮತ್ತೂ ಒಂದು. ಗೊಂಬೊನ ನಗು ಅಡಗಿತು. ಬಟ್ಟಲು ಖಾಲಿಯಾಯಿತು.

ಯಂಜ್ಮಾ ಮಗುವನ್ನು ಎತ್ತಿಕೊಂಡು, ಕುಣಿಯುವುದೊಂದು ಬಾಕಿ, ಸೊಸೆಗೆ ತೋರಿಸಲು ಗುಡಾರದ ಹಿಂದಕ್ಕೆ ಧಾವಿಸಿದಳು.

ಸರ್ನಾಯ್ ಬೆರಣಿ ರಾಶಿಯ ಪಕ್ಕ ಕುಕ್ಕರಿಸಿದ್ದಳು. ಮುಖವೆಲ್ಲ ಒದ್ದೆ, ಎದೆಯ ಮೇಲಿನ ಬಟ್ಟೆಯೂ ಒದ್ದೆ.

"ಏನಾಯ್ತೇ?"

"ಗೊತ್ತಿಲ್ಲಮ್ಮ. ನೀವು ಹಾಡೋಕೆ ಶುರು ಮಾಡಿದ್ರಿ, ಹಾಲು ತಾನಾಗೇ ಸುರಿಯೋಕೆ ಹತ್ತಿತು. ನಿಲ್ತಾನೇ ಇಲ್ಲ." ಅವಳು ತೋಳಿನಿಂದ ಕಣ್ಣೊರೆಸಿಕೊಂಡಳು. "ಇರ್ಲಿ ಬಿಡಿ. ತಿಂದ್ನಾ?"

ತಾಯಿಯನ್ನೂ ಮರಿಯನ್ನೂ ಒಂದುಮಾಡಲೆಂದು ಜೀವಮಾನವಿಡೀ ಹಾಡಿದ ಯಂಜ್ಮಾ ಇವತ್ತು ಅದೇ ಹಾಡಿನಿಂದ ಇವರಿಬ್ಬರನ್ನು ಬೇರೆ ಮಾಡಲು ಹೊರಟಿದ್ದಳು. ಅಷ್ಟರಲ್ಲಿ ಗೊಂಬೊ ಖಾಲಿ ಬಟ್ಟಲನ್ನು ಬಾವುಟದಂತೆ ಎತ್ತಿ ಹಿಡಿದು ಬಂದ. ಅವಳು ಕಣ್ಣಲ್ಲೇ ಗದರಿದಳು. ಅವನು ಬಟ್ಟಲನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಎಲ್ಲಿ ತಿಂತಾನೆ, ಹಟಮಾರಿ," ಎಂದಳು ಯಂಜ್ಮಾ, ಮಗುವಿನ ಗಲ್ಲಕ್ಕೆ ಅಂಟಿದ್ದ ಗಂಜಿಯನ್ನು ತೋಳಿನಿಂದ ಒರೆಸುತ್ತ. "ಒಂದು ಚೂರೂ ಮುಟ್ಲಿಲ್ಲ. ನಾನು ಸೋತೆ ಕಣೇ, ನಿನ್ನ ಜೊತೆಗೇ ಕರ್ಕೊಂಡು ಹೋಗು."