ಕಲ್ಲಿನ ದನಿ

ಮುಂಬೈಯ ಮಲಾಡಿನ ಬಡಗಿ ಕರೀಮಸಾಬ, ಉಳಿ ಮಸೆಯುವ ಗ್ರೈಂಡರಿಗೆ ಹೊಸ ಕಲ್ಲು ಹಾಕುವ ಮುನ್ನ ಅದರ ನಡುವಿನ ತೂತಿಗೆ ಬೆರಳು ಹಾಕಿ ಎತ್ತಿ, ಉಳಿಯ ಹಿಡಿಯಿಂದ ಮೆಲ್ಲಗೆ ತಟ್ಟಿ ಕಿವಿಗೊಡುತ್ತಿದ್ದ. ಗಂಟೆಯಂತೆ ನುಡಿದರೆ ಕಲ್ಲು ಗಟ್ಟಿ. ಸದ್ದು ಮಂಕಾಗಿದ್ದರೆ ಒಳಗೆ ಕಣ್ಣಿಗೆ ಕಾಣದ ಬಿರುಕಿದೆ. ಜೋರಾಗಿ ತಿರುಗುವಾಗ ಸಿಡಿಯುತ್ತದೆ. ಇದನ್ನು ನನಗೆ ಕಲಿಸಿದವನೂ ಅವನೇ.

ಮರ ಹೆರೆಯುವ ಮಷಿನ್ನಿನ ಪಕ್ಕ ಕಿವಿಗೆ ಏನೂ ಹಾಕದೆ ಆಯುಷ್ಯವಿಡೀ ನಿಂತವನು. ಹೋದ ವರ್ಷದಿಂದ ಫೋನ್ ಎಷ್ಟು ಹೊಡೆದುಕೊಂಡರೂ ಎತ್ತುತ್ತಿರಲಿಲ್ಲ. ಮಗಳು ಶಬ್ರೀನ ಹಿಂದಿನಿಂದ ಕರೆದರೆ ತಿರುಗುತ್ತಿರಲಿಲ್ಲ. ಡಾಕ್ಟರಿಗೆ ತೋರಿಸು ಅಂದರೆ, "ಮುಂಬೈಯಾಗ ಕಿವುಡರೇ ಆರಾಮ ಇರ್ತಾರ" ಎಂದು ನಗುತ್ತಿದ್ದ.

ಆ ಮಂಗಳವಾರ ನಮ್ಮ ಹೋಟೆಲಿನಿಂದ ಚಹಾ ಒಯ್ದಾಗ ಅವನು ಹೊಸ ಕಲ್ಲೊಂದನ್ನು ತಟ್ಟುತ್ತಿದ್ದ. ಒಡೆದ ಮಡಕೆಯ ಸದ್ದು.

"ಇದು ಬಿರುಕು ಬಿಟ್ಟಿದೆ ಮಾರಾಯ," ಅಂದೆ.

ಅವನು ಇನ್ನೊಮ್ಮೆ ತಟ್ಟಿ ತಲೆದೂಗಿದ. "ಹೆಂಗ ಹಾಡಾಕತ್ತೈತಿ ನೋಡು."

"ಹಾಡುತ್ತಿಲ್ಲ ಕರೀಮ. ಹಾಕಬೇಡ."

"ಶೆಟ್ಟಿ, ಹೋಟೆಲ್ ಗದ್ದಲದಾಗ ನಿನ್ನ ಕಿವಿ ಹೋಗ್ಯಾವ."

ಕಲ್ಲು ಕೂರಿಸಿ ನಟ್ಟು ಬಿಗಿದ. ಅದನ್ನು ಮುಚ್ಚಬೇಕಾದ ಕಬ್ಬಿಣದ ಕವಚ ಎಂದೋ ಬಿಚ್ಚಿಟ್ಟದ್ದು ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ನಾನು ತೋಳು ಹಿಡಿದೆ. ಬಿಡಿಸಿಕೊಂಡು ಸ್ವಿಚ್ ಒತ್ತಿದ. ವೇಗ ಏರಿದಂತೆ ಕಲ್ಲಿನೊಳಗಿಂದ ಟಿಕಟಿಕ ಸದ್ದು ಎದ್ದಿತು. ಅವನು ಉಳಿ ಹಿಡಿದು ನೆಮ್ಮದಿಯಿಂದ ಬಾಗಿದ.

ನಾನು ಕೂಗಿದೆ. ಅವನು ತಿರುಗಲಿಲ್ಲ. ಸಿಡಿದ ಚೂರು ಕೊರಳಿಗೆ ಬಡಿಯಿತು. ಆಸ್ಪತ್ರೆ ಮುಟ್ಟುವ ಮೊದಲೇ ಹೋದ.