ಬೈದ ಬಾಯಿಗೆ ಬೆಲ್ಲ

ಸಾಗರದಲ್ಲಿ ನಮ್ಮವರ ಮದುವೆ ಎಲ್ಲಿ ನಡೆದರೂ ಬೀಗರನ್ನು ಹಾಡಿನಲ್ಲಿ ಬೈಯಲು ವರದಕ್ಕನೇ ಬೇಕು. ನನಗೆ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ದಿನವೆಲ್ಲ ಹೊಲಿಗೆ ಮೆಷಿನ್ ತುಳಿಯುವ, ಗಿರಾಕಿ ಗದರಿದರೆ ಕಣ್ಣಲ್ಲಿ ನೀರು ತಂದುಕೊಳ್ಳುವ ಹೆಂಗಸು. ಸೋಬಾನೆಗೆ ಕೂತಳೋ, ಬೀಗಿತ್ತಿಯ ಮೂಗು, ಸೀರೆ, ಜಿಪುಣತನ ಯಾವುದನ್ನೂ ಬಿಡುವುದಿಲ್ಲ. ಆದರೆ ಅವಳ ಅಮ್ಮ ಕಲಿಸಿದ ಕಟ್ಟಳೆಯೊಂದಿದೆ. ಬೈದು ಮುಗಿದ ಮೇಲೆ ‘ಬೈದ ಬಾಯಿಗೆ ಬೆಲ್ಲ, ಬೈಸ್ಕೊಂಡ ಮನೆಗೆ ಹಾಲು’ ಎಂದು ಕೊನೆಯ ನುಡಿ ಹಾಡಬೇಕು. ಆಗ ಬೈಸಿಕೊಂಡವಳು ಎದ್ದು ಬಂದು ಹಾಡಿದವಳ ಬಾಯಿಗೆ ಬೆಲ್ಲ ಇಡಬೇಕು. ಅಲ್ಲಿಗೆ ಎಲ್ಲ ಮಾಫಿ.

ಹೋದ ವೈಶಾಖದಲ್ಲಿ ಅವಳ ಮಗಳು ಸ್ವಪ್ನಾಳನ್ನು ತೀರ್ಥಹಳ್ಳಿ ಹತ್ತಿರದ ಮೇಳಿಗೆಗೆ ಕೊಟ್ಟೆವು. ಬೀಗಿತ್ತಿ ಹೇಮಾವತಿಗೆ ಮಾತು ಕಮ್ಮಿ, ನೋಟ ಜಾಸ್ತಿ. ಬೀಗರೂಟದ ದಿನ ವರದಕ್ಕ ಅವರನ್ನೂ ಬಿಡಲಿಲ್ಲ.

ಮೇಳಿಗೆಯ ಬೀಗಿತ್ತಿ ಮೀನ್ಸಾರು ಮಾಡ್ಯಾಳೆ,
ನೂರಾಳಿಗೆ ಮೂರು ಮೀನು, ಸೋಬಾನೆ.

ಹೇಮಾವತಿ ನಕ್ಕರು, ಬೆಲ್ಲ ಇಟ್ಟರು. ನನ್ನ ಮಗಳು ಕವನಾ ಅದನ್ನೆಲ್ಲ ಮೊಬೈಲಿನಲ್ಲಿ ಹಿಡಿದುಕೊಂಡಳು.

ಕವನಾಳಿಗೆ ಕಾಲೇಜಿಗಿಂತ ಹಾಡಿನ ಹುಚ್ಚು ಹೆಚ್ಚು. ಜಮೈಕಾದಲ್ಲಿ ರೆಗ್ಗೆ ಸಂಗೀತದಿಂದ ಹುಟ್ಟಿದ್ದು ಡ್ಯಾನ್ಸ್‌ಹಾಲ್, ಅಮೆರಿಕದ ಕಪ್ಪು ಜನರ ಓಣಿಯಿಂದ ಬಂದದ್ದು ಹಿಪ್‌ಹಾಪ್, ಈಗ ಎರಡೂ ಒಂದೇ ಎಲೆಯಲ್ಲಿ ಉಣ್ಣುತ್ತವೆ ಎಂದು ನನಗೆ ಪಾಠ ಮಾಡುತ್ತಿದ್ದಳು. ತಳಕ್ಕೆ ಅದರ ಬೀಟು, ಮೇಲೆ ಇದರ ಪಟಪಟ ಮಾತು. ಎರಡರಲ್ಲೂ ಎದುರಾಳಿಯ ಹೆಸರು ಹಿಡಿದು ಹಂಗಿಸುವುದುಂಟಂತೆ. ನಮ್ಮ ದೊಡ್ಡಮ್ಮ ಅವರಿಗಿಂತ ಎಂತ ಕಮ್ಮಿ ಎಂದವಳೇ ವರದಕ್ಕನ ದನಿಯನ್ನು ಆ ಬೀಟಿಗೆ ಕೂರಿಸಿ, ನಡುವೆ ತನ್ನ ರ‍್ಯಾಪ್ ತುರುಕಿ ರೀಲ್ಸಿಗೆ ಹಾಕಿದಳು. ಕೊನೆಯ ನುಡಿ ಮಾತ್ರ ಬೀಟಿಗೆ ಕೂರಲಿಲ್ಲವೆಂದು ಕತ್ತರಿಸಿದಳು. ಸುಳ್ಳು ಯಾಕೆ ಹೇಳಲಿ, ನಾನೂ ಹಿಗ್ಗಿ ಬೀದಿಗೆಲ್ಲ ತೋರಿಸಿದೆ. ಬೆಲ್ಲ ಬಿಟ್ಟುಹೋದದ್ದು ನನ್ನ ಮಂದಬುದ್ಧಿಗೂ ಹೊಳೆಯಲಿಲ್ಲ.

ಎರಡು ವಾರದಲ್ಲಿ ಆ ಹಾಡು ಆಟೋದಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಕೇಳತೊಡಗಿತು. ಮೇಳಿಗೆಯ ಹುಡುಗರು ಹೇಮಾವತಿ ಕಂಡರೆ ‘ಮೂರು ಮೀನು’ ಎನ್ನುತ್ತಾರೆ ಎಂದು ಯಾರೋ ಸುದ್ದಿ ತಂದರು. ಅವತ್ತಿನಿಂದ ಸ್ವಪ್ನಾಳ ಫೋನು ಸ್ವಿಚ್ ಆಫ್. ನಾಲ್ಕು ದಿನ ವರದಕ್ಕ ಮೆಷಿನ್ ಮುಟ್ಟಲಿಲ್ಲ. ಮಗಳನ್ನು ಹೊರಗೆ ಹಾಕಿದರೋ, ಅನ್ನಕ್ಕೆ ಕರೆಯುತ್ತಿಲ್ಲವೋ ಎಂದು ಹಲುಬಿದಳು. ಐದನೇ ದಿನ ನನ್ನ ಕೈ ಹಿಡಿದು ಬಸ್ ಹತ್ತಿದಳು.

ಹೊಸನಗರ ದಾಟಿದ್ದೇ ತಡ, ಡ್ರೈವರ್ ಅದೇ ಹಾಡು ಹಾಕಿದ. ಸೀಟಿನ ಕೆಳಗೆ ಬೀಟು ಗುದ್ದುತ್ತಿತ್ತು. ಹಿಂದಿನ ಸೀಟಿನವರು ‘ಮೂರು ಮೀನು’ ಬಂದಾಗ ಗೊಳ್ಳೆಂದರು. ವರದಕ್ಕ ಸೆರಗು ತಲೆಗೆ ಎಳೆದುಕೊಂಡಳು, ತನ್ನ ದನಿಗೆ ತಾನೇ ಹೆದರಿ. ನನಗೆ ಮನೆಯಲ್ಲೇ ಉಳಿದಿದ್ದ ಕವನಾಳ ಕೈಯಿಂದ ಆ ಮೊಬೈಲ್ ಕಿತ್ತು ತುಂಗೆಗೆ ಎಸೆಯಬೇಕು ಅನ್ನಿಸಿತು.

ಮೇಳಿಗೆಯ ಮನೆಯಲ್ಲಿ ಹೇಮಾವತಿ ಜಗಲಿಯಲ್ಲೇ ಇದ್ದರು. ಬನ್ನಿ ಎನ್ನಲಿಲ್ಲ, ಕೂರಿ ಎನ್ನಲಿಲ್ಲ. ಬಾಗಿಲ ಹಿಂದೆ ಸ್ವಪ್ನಾಳ ಸೀರೆಯ ಅಂಚು ಕಂಡಿತು. ಮಗಳು ಇದ್ದಾಳೆ ಎಂಬಷ್ಟು ಉಸಿರು ಬಂತು ನಮಗೆ. ಆಮೇಲೆ ತಿಳಿಯಿತು, ಫೋನು ಅವಳೇ ಆಫ್ ಮಾಡಿದ್ದಳಂತೆ, ಅತ್ತೆಯ ಎದುರು ಅಮ್ಮನ ದನಿ ಕೇಳುವ ಮುಖವಿಲ್ಲದೆ.

ವರದಕ್ಕ ತಪ್ಪಾಯ್ತು ಎನ್ನಲು ಬಾಯಿ ತೆರೆದಳು. ಹೇಮಾವತಿ ತಡೆದರು.

“ಬೈದಿದ್ದಕ್ಕೆ ನಂಗೆ ಬೇಜಾರಿಲ್ಲ ಬೀಗ್ರೇ. ನಾನು ಬೆಲ್ಲ ಕೊಟ್ಟಿದ್ದೆ. ಅದು ಎಲ್ಲಿ ಹೋಯ್ತು?”

ವರದಕ್ಕ ಮೆಟ್ಟಿಲ ಮೇಲೆ ಕೂತಳು. ಕೂತಲ್ಲೇ ಕೊನೆಯ ನುಡಿ ಎತ್ತಿಕೊಂಡಳು. ಎರಡು ವಾರದಿಂದ ಕಿವಿಯಲ್ಲಿ ಕೂತಿದ್ದ ಹಾಳು ಬೀಟೇ ಕೈಗೆ ಬಂತು. ತೊಡೆ ತಟ್ಟುತ್ತಾ ಹಾಡಿದಳು. ನಾನು ಮನಸ್ಸಿನಲ್ಲೇ ತಲೆ ಚಚ್ಚಿಕೊಂಡೆ. ಆದರೆ ಆ ನುಡಿ ಬೀಟಿನಲ್ಲಿ ಸರಿಯಾಗಿ ಕೂತಿತು, ಒಂದು ಅಕ್ಷರವೂ ಹೊರಗೆ ಬೀಳಲಿಲ್ಲ. ಕೂರುವುದಿಲ್ಲ ಎಂದಿದ್ದ ಕವನಾ ಒಮ್ಮೆಯೂ ಕೂರಿಸಿ ನೋಡಿರಲಿಲ್ಲ.

ಹೇಮಾವತಿ ಎದ್ದು ಒಳಗೆ ಹೋದರು. ಎಷ್ಟು ಹೊತ್ತಾಯಿತೋ. ಬಾಗಿಲು ಹಾಕಿಕೊಳ್ಳುತ್ತಾರೆ ಎಂದೇ ನಾನು ತಿಳಿದಿದ್ದೆ. ಬೆಲ್ಲದ ಎರಡು ಚೂರು ಹಿಡಿದು ಬಂದರು. ಒಂದನ್ನು ವರದಕ್ಕನ ಬಾಯಿಗೆ ಇಟ್ಟರು. ಸ್ವಪ್ನಾ ಓಡಿ ಬಂದು ಅಮ್ಮನನ್ನು ತಬ್ಬಿಕೊಂಡಳು.

ಇನ್ನೊಂದು ಚೂರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನನ್ನ ಕಡೆ ತಿರುಗಿದರು.

“ಇದು ಕತ್ತರಿಸಿದೋಳಿಗೆ. ಭಾನುವಾರ ಬರ್ಲಿ. ಕೇರಿಯೋರೆಲ್ಲ ಕೂತಿರ್ತೀವಿ. ನಮ್ಮೆದ್ರಿಗೆ ಪೂರ್ತಿ ಹಾಡಿ ತಗೊಂಡು ಹೋಗ್ಲಿ.”

ಅಲ್ಲಿಂದಲೇ ಕವನಾಳಿಗೆ ಫೋನು ಮಾಡಿದೆ. ಬೈಯಬೇಕೆಂದು ಹೊಟ್ಟೆ ತುಂಬ ಮಾತು ಇಟ್ಟುಕೊಂಡಿದ್ದೆ, ಹೇಮಾವತಿ ಅಂದದ್ದಷ್ಟೇ ಬಾಯಿಗೆ ಬಂತು. ಲಕ್ಷ ಜನಕ್ಕೆ ರ‍್ಯಾಪ್ ಕೇಳಿಸಿದ ನನ್ನ ಮಗಳು ಸಣ್ಣ ದನಿಯಲ್ಲಿ ಹೇಳಿದಳು: “ಅವರ ಮುಖ ನೋಡ್ಕೊಂಡು ಹಾಡ್ಬೇಕಾ ಅಮ್ಮಾ? ನಂಗೆ ಹೆದ್ರಿಕೆ ಆಗ್ತದೆ. ನೀನೂ ಬರ್ತೀಯಲ್ಲ?”